ವೇವರ್ಲಿಯ ಮಾದರಿ: ಒಂದು ಮಿಲಿಮೀಟರಿಗೆ 90 ಗ್ರಾಂ

ವೇವರ್ಲಿ ಎಂಬ ಪ್ಯಾಡಲ್ ಹಡಗಿನ, ಅಂದರೆ ಎರಡು ಬದಿಯ ಹಲಗೆಚಕ್ರಗಳಿಂದ ಓಡುವ ಹಬೆಹಡಗಿನ, 1:72 ಮಾದರಿ (ಮೂಲದ 72ನೇ ಒಂದು ಭಾಗದ ಅಳತೆ) ಕೊನೆಗೂ ನೀರಿಗಿಳಿಯಿತು. ಮೊದಲ ಗೆರೆ ಎಳೆದ ದಿನದಿಂದ ಎಣಿಸಿದರೆ ಹದಿನಾಲ್ಕು ತಿಂಗಳು. ಅದರಲ್ಲಿ ನಾಲ್ಕು ತಿಂಗಳನ್ನು ಎರಡು ಚಕ್ರಗಳೇ ನುಂಗಿದವು. ಇನ್ನೆರಡು ತಿಂಗಳು ಮಾಡಿದ್ದನ್ನು ಕಿತ್ತು ಮತ್ತೆ ಮಾಡುವುದರಲ್ಲಿ ಕಳೆದವು. ಆ ಎರಡು ತಿಂಗಳ ದಂಡವನ್ನು ಬೇರೆಯವರು ಕಟ್ಟದಿರಲಿ ಎಂದು ಇಷ್ಟೆಲ್ಲ ಬರೆಯುತ್ತಿದ್ದೇನೆ.

ವೇವರ್ಲಿ ಯಾವ ಹಡಗು ಎಂದು ತಿಳಿಯದವರಿಗೆ ಎರಡು ಮಾತು. ಸ್ಕಾಟ್ಲೆಂಡಿನ ಗ್ಲಾಸ್ಗೋದ ಎ. ಅಂಡ್ ಜೆ. ಇಂಗ್ಲಿಸ್ ಕಾರ್ಖಾನೆಯಲ್ಲಿ ಕಟ್ಟಿ 1946ರ ಅಕ್ಟೋಬರಿನಲ್ಲಿ ನೀರಿಗಿಳಿಸಿದ ಈ ಹಡಗು 1947ರ ಜೂನ್‌ನಿಂದ ಕ್ಲೈಡ್ ಕೊಲ್ಲಿಯಲ್ಲಿ ಪ್ರಯಾಣಿಕರನ್ನು ಒಯ್ಯತೊಡಗಿತು. ಇದೇ ಹೆಸರಿನ 1899ರ ಹಡಗು 1940ರಲ್ಲಿ ಡನ್‌ಕರ್ಕ್‌ನಿಂದ ಸೈನಿಕರನ್ನು ತರುವಾಗ ಬಾಂಬಿಗೆ ಸಿಕ್ಕಿ ಮುಳುಗಿತ್ತು. ಅದರ ಜಾಗಕ್ಕೆ ಬಂದದ್ದು ಇದು. 1974ರಲ್ಲಿ ಪ್ಯಾಡಲ್ ಸ್ಟೀಮರ್ ಸಂರಕ್ಷಣಾ ಸಂಘಕ್ಕೆ ಹೆಸರಿಗೆ ಒಂದು ಪೌಂಡ್ ಬೆಲೆಗೆ ಮಾರಾಟವಾಗಿ, ಮರುವರ್ಷವೇ ಮತ್ತೆ ಓಡಾಟಕ್ಕೆ ಬಂತು. ಮಾದರಿ ಕಟ್ಟುವವರಿಗೆ ಇದು ವರ, ಯಾಕೆಂದರೆ ಫೋಟೋಗಳಿಗೆ ಬರವಿಲ್ಲ. ಅದೇ ಶಾಪವೂ ಹೌದು. ಅದನ್ನು ಮುಂದೆ ಹೇಳುತ್ತೇನೆ.

ಹಡಗಿನ ಉದ್ದ ಸುಮಾರು 240 ಅಡಿ, ಅಂದರೆ 73 ಮೀಟರಿಗೆ ಒಂದಿಷ್ಟು ಹೆಚ್ಚು. 1:72ರಲ್ಲಿ ಅದು 1016 ಮಿ.ಮೀ. ಒಡಲಿನ ಅಗಲ 30 ಅಡಿ 2 ಇಂಚು, ಮಾದರಿಯಲ್ಲಿ 128 ಮಿ.ಮೀ. ಎರಡೂ ಬದಿಯ ಚಕ್ರಗೂಡು ಸೇರಿಸಿದರೆ 57 ಅಡಿ 3 ಇಂಚು, ಅಂದರೆ 242 ಮಿ.ಮೀ. ನೀರಿನೊಳಗೆ ಮುಳುಗುವ ಆಳ 6 ಅಡಿ 3 ಇಂಚು, ಮಾದರಿಯಲ್ಲಿ ಬರೀ 26.5 ಮಿ.ಮೀ. ಬ್ರಿಟಿಷ್ ನಕ್ಷೆಗಳೆಲ್ಲ ಅಡಿ-ಇಂಚಿನಲ್ಲೇ ಇರುವುದರಿಂದ ಒಂದು ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಿ: ಒಂದು ಅಡಿಗೆ 4.233 ಮಿ.ಮೀ.

1:96 ತೆಗೆದುಕೊಂಡರೆ ಮೇಜಿನ ಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ಇಡೀ ಹಡಗು 800 ಗ್ರಾಮಿನ ಆಸುಪಾಸಿನಲ್ಲಿ ಮುಗಿಯಬೇಕು. ಮೋಟಾರು, ಬ್ಯಾಟರಿ, ಹಿತ್ತಾಳೆಯ ಚಕ್ರ ಎಲ್ಲ ಸೇರಿ ಅಷ್ಟರೊಳಗೆ ತರುವುದು ಪಳಗಿದ ಕೈಗಳಿಗೂ ಕಷ್ಟ. 1:48ರಲ್ಲಿ ತೂಕಕ್ಕೆ ಧಾರಾಳ ಅವಕಾಶವಿದೆ, ಆರು ಕಿಲೋ ದಾಟುತ್ತದೆ. ಆದರೆ ಒಂದೂವರೆ ಮೀಟರ್ ಉದ್ದದ ಹಡಗನ್ನು ಬಾಗಿಲಲ್ಲಿ ತಿರುಗಿಸಿ ಹೊರಗೆ ಒಯ್ಯುವ ಯೋಚನೆಯನ್ನೂ ಮೊದಲೇ ಮಾಡಬೇಕು. ಕಪಾಟಿನಲ್ಲಿ ಇಡುವುದಕ್ಕಷ್ಟೇ ಆದರೆ ಯಾವ ಅಳತೆಯೂ ನಡೆದೀತು. ನೀರಿನಲ್ಲಿ ಓಡಬೇಕಾದರೆ 1:72ಕ್ಕಿಂತ ಕೆಳಗೆ ಇಳಿಯಬೇಡಿ.

ಈಗ ಶಾಪದ ಮಾತು. ಎಪ್ಪತ್ತೈದು ವರ್ಷ ದಾಟಿದ ಹಡಗು ಒಂದೇ ವೇಷದಲ್ಲಿ ಇರುವುದಿಲ್ಲ. ಹಡಗು ರೈಲ್ವೆ ಕಂಪನಿಯದಾಗಿದ್ದ ಕಾಲದಲ್ಲಿ ಹೊಗೆಕೊಳವೆಗಳಿಗೆ ಕೆಂಪು, ಬಿಳಿ, ಕಪ್ಪು ಬಣ್ಣವಿತ್ತು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದ ಮೇಲೆ ಅವು ಮಂಕು ಹಳದಿಯಾದವು. 1965ರಲ್ಲಿ ಕಪ್ಪು ಒಡಲಿಗೆ ನೀಲಿ ಬಳಿದರು. 1957ರಲ್ಲಿ ಕಲ್ಲಿದ್ದಲಿನ ಒಲೆಗಳು ತೈಲಕ್ಕೆ ಬದಲಾದವು. ರೇಡಾರು, ಉಬ್ಬುವ ರಕ್ಷಣಾ ತೆಪ್ಪಗಳ ಬಿಳಿ ಡಬ್ಬಿಗಳು ಆಮೇಲೆ ಬಂದು ಸೇರಿದವು. 2000ದಿಂದ ಶುರುವಾದ ದೊಡ್ಡ ದುರಸ್ತಿಯಲ್ಲಿ ಮತ್ತೆ 1947ರ ರೂಪದತ್ತ ತಂದರು. ಹೀಗಾಗಿ ಇಂದಿನ ಫೋಟೋ ನೋಡಿ ಅಂದಿನ ಮಾದರಿ ಕಟ್ಟಿದರೆ ಹೊರನೋಟಕ್ಕೆ ಸರಿ, ವಿವರದಲ್ಲಿ ಎಲ್ಲ ಕಾಲವೂ ಕಲಸಿಹೋಗಿರುತ್ತದೆ. ಮೊದಲು ಒಂದು ವರ್ಷ ಹಿಡಿಯಿರಿ. ನಾನು ಹಿಡಿದದ್ದು 1947. ಸಂಗ್ರಹಿಸಿದ ಪ್ರತಿ ಫೋಟೋದ ಹಿಂದೆ ಇಸವಿ ಬರೆದು, ಇಸವಿ ಗೊತ್ತಿಲ್ಲದ್ದನ್ನು ಬೇರೆ ಲಕೋಟೆಗೆ ಹಾಕಿದೆ. ಆ ಲಕೋಟೆಯೇ ಕೊನೆಗೆ ಎಲ್ಲಕ್ಕಿಂತ ದಪ್ಪವಾಯಿತು. ಅದನ್ನು ಬಿಚ್ಚುವ ಆಸೆಯನ್ನು ತಡೆದುಕೊಳ್ಳಬೇಕು.

ಬೇಕಾದ ನಕ್ಷೆಗಳು ಮೂರು: ಒಡಲಿನ ಉಬ್ಬು-ತಗ್ಗು ತೋರಿಸುವ ಲೈನ್ಸ್ ಪ್ಲ್ಯಾನ್, ಅಟ್ಟಗಳ (ಡೆಕ್‌ಗಳ) ವಿನ್ಯಾಸ ತೋರಿಸುವ ಸಾಮಾನ್ಯ ನಕ್ಷೆ, ಮತ್ತು ಚಕ್ರದ ನಕ್ಷೆ. ಮೂರನೆಯದು ಇಲ್ಲದೆ ಕೆಲಸ ಶುರುಮಾಡಬೇಡಿ. ನಕ್ಷೆ ತರಿಸಲು ಆರು ವಾರ ಕಾಯಬೇಕಾಯಿತು. ಬಂದಮೇಲೆ ಮೊದಲ ಕೆಲಸ, ನಕ್ಷೆಯಲ್ಲೇ ಅಚ್ಚಾಗಿರುವ ಅಳತೆಪಟ್ಟಿಯನ್ನು ಉಕ್ಕಿನ ಸ್ಕೇಲಿನಿಂದ ಅಳೆಯುವುದು. ನನ್ನ ಪ್ರತಿಯಲ್ಲಿ ಉದ್ದ 1016ರ ಬದಲು 1009 ಬಂತು, ಅಗಲ ಮಾತ್ರ ಸರಿಯಾಗಿತ್ತು. ಕಾಗದ ಯಂತ್ರದೊಳಗೆ ಎಳೆದುಕೊಂಡು ಹೋಗುವ ದಿಕ್ಕಿನಲ್ಲಿ ಕುಗ್ಗಿತ್ತು. ಒಂದೇ ದಿಕ್ಕಿನಲ್ಲಿ ಅಳೆದು ಸರಿಯಿದೆ ಅಂದುಕೊಂಡಿದ್ದರೆ ಚಕ್ರಗೂಡುಗಳು ಮೊಟ್ಟೆಯಾಕಾರವಾಗುತ್ತಿದ್ದವು. ಅಡ್ಡ, ಉದ್ದ ಎರಡನ್ನೂ ಅಳೆಯಿರಿ.

ಇನ್ನು ತೂಕ. ವೇವರ್ಲಿಯ ವಿವರಗಳಲ್ಲಿ 693 ಟನ್ ಎಂಬ ಅಂಕಿ ಎಲ್ಲೆಡೆ ಕಾಣುತ್ತದೆ. ಇದನ್ನು 72ರ ಘನದಿಂದ, ಅಂದರೆ 3,73,248ರಿಂದ ಭಾಗಿಸಿ ಮಾದರಿಯ ತೂಕ ತೆಗೆದುಬಿಡುವವರಿದ್ದಾರೆ. ಅದು ತೂಕವೇ ಅಲ್ಲ. ಗ್ರಾಸ್ ಟನ್ ಎಂದರೆ ಹಡಗಿನ ಒಳಗಿನ ಜಾಗದ ಅಳತೆ, 100 ಘನ ಅಡಿಗೆ ಒಂದು ಟನ್. ಮಾದರಿಯ ತೂಕವನ್ನು ಲೈನ್ಸ್ ಪ್ಲ್ಯಾನಿನಿಂದಲೇ ತೆಗೆಯಬೇಕು. ನೀರಗೆರೆಯವರೆಗಿನ ಪ್ರತಿ ಅಡ್ಡಕೊಯ್ತದ ವಿಸ್ತೀರ್ಣವನ್ನು ಚೌಕುಳಿ ಕಾಗದದ ಮೇಲೆ ಎಣಿಸಿ, ನಡುವಿನ ಅಂತರದಿಂದ ಗುಣಿಸಿ ಕೂಡಿದರೆ ಘನಗಾತ್ರ ಸಿಗುತ್ತದೆ. ಸಿಹಿನೀರಿನಲ್ಲಿ ಒಂದು ಘನ ಸೆಂಟಿಮೀಟರಿಗೆ ಒಂದು ಗ್ರಾಂ. ನನಗೆ ಬಂದದ್ದು 1.9 ಕಿಲೋ. ನೀರಗೆರೆಯ ಮಟ್ಟದಲ್ಲಿ ಒಡಲಿನ ವಿಸ್ತೀರ್ಣ ಸುಮಾರು 900 ಚದರ ಸೆಂಟಿಮೀಟರ್. ಹಾಗಾಗಿ ಹೆಚ್ಚುವರಿ 90 ಗ್ರಾಮಿಗೆ ಹಡಗು 1 ಮಿ.ಮೀ. ಮುಳುಗುತ್ತದೆ.

ಬೇರೆ ಹಡಗಾದರೆ 3 ಮಿ.ಮೀ. ಹೆಚ್ಚು ಮುಳುಗಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಯಾಡಲ್ ಹಡಗಿನ ಕತೆ ಬೇರೆ. ಚಕ್ರದ ತಳದಲ್ಲಿರುವ ಹಲಗೆಯ ಮೇಲಂಚು ನೀರಿನ ಕೆಳಗೆ 2ರಿಂದ 3 ಮಿ.ಮೀ. ಇರಬೇಕು, ಅಷ್ಟೆ. ಅದಕ್ಕಿಂತ ಆಳ ಹೋದರೆ ಹಲಗೆಗಳು ನೀರನ್ನು ಹಿಂದಕ್ಕೆ ತಳ್ಳುವ ಬದಲು ಮೇಲಕ್ಕೆ ಎತ್ತುತ್ತ ಮೋಟಾರಿನ ಶಕ್ತಿ ತಿನ್ನುತ್ತವೆ. ಮೇಲೆ ಬಂದರೆ ಗಾಳಿ ಗುದ್ದುತ್ತವೆ. ಅಟ್ಲಾಂಟಿಕ್ ದಾಟುತ್ತಿದ್ದ ಹಳೆಯ ಪ್ಯಾಡಲ್ ಹಡಗುಗಳ ತಲೆನೋವೂ ಇದೇ ಆಗಿತ್ತು. ಹೊರಡುವಾಗ ಕಲ್ಲಿದ್ದಲಿನ ಭಾರಕ್ಕೆ ಚಕ್ರ ಮುಳುಗಿರುತ್ತಿತ್ತು, ತಲುಪುವ ಹೊತ್ತಿಗೆ ಕಲ್ಲಿದ್ದಲು ಉರಿದು ಚಕ್ರ ಮೇಲೆದ್ದಿರುತ್ತಿತ್ತು. ಹಾಗಾಗಿ ತಕ್ಕಡಿಯನ್ನು ಕೆಲಸದ ಮೇಜಿನ ಮೇಲೇ ಇಟ್ಟುಕೊಳ್ಳಿ. ನನ್ನ ಲೆಕ್ಕ ಹೀಗಿತ್ತು: ಒಡಲು 550 ಗ್ರಾಂ, ಅಟ್ಟ ಮತ್ತು ಮೇಲಿನ ಕಟ್ಟಡ 350, ಚಕ್ರ ಮತ್ತು ಶಾಫ್ಟ್ 250, ಮೋಟಾರು-ರೇಡಿಯೋ-ಚುಕ್ಕಾಣಿ 200, ಬ್ಯಾಟರಿ 150, ಉಳಿದ 400 ಗ್ರಾಂ ಹಡಗು ವಾಲದಂತೆ ತಳದಲ್ಲಿಡುವ ಸೀಸ. ಕಾಗದದ ಮೇಲೆ ಎಲ್ಲ ಸೊಗಸಾಗಿತ್ತು.

ಒಡಲಿಗೆ 4 ಮಿ.ಮೀ. ಪ್ಲೈವುಡ್ಡಿನ ಕೀಲ್ (ತಳದ ಬೆನ್ನುಮರ), ಅದರ ಮೇಲೆ 60 ಮಿ.ಮೀ.ಗೆ ಒಂದರಂತೆ 3 ಮಿ.ಮೀ. ಪ್ಲೈವುಡ್ಡಿನ ಹದಿನಾರು ಅಡ್ಡಚೌಕಟ್ಟು, ಹೊದಿಕೆಗೆ 6 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಬಾಸ್‌ವುಡ್ ಪಟ್ಟಿಗಳು. ಚೌಕಟ್ಟುಗಳನ್ನು ತಲೆಕೆಳಗಾಗಿ ಒಂದು ಗಟ್ಟಿ ಹಲಗೆಗೆ ನಿಲ್ಲಿಸಿ ಕಟ್ಟಬೇಕು. ಹಲಗೆ ಡೊಂಕಿದ್ದರೆ ಹಡಗೂ ಡೊಂಕು. ರಸಮಟ್ಟ ಇಟ್ಟು ನೋಡಿ, ಪ್ರತಿ ಚೌಕಟ್ಟಿಗೆ ಮೂಲೆಮಟ್ಟ ಹಿಡಿದು ಅಂಟಿಸಿ. ಪಟ್ಟಿ ಹೊಡೆಯುವ ಮುನ್ನ ಉದ್ದನೆಯ ತೆಳು ಕಡ್ಡಿಯೊಂದನ್ನು ಮೂತಿಯಿಂದ ಹಿಂತುದಿಯವರೆಗೆ ಬಾಗಿಸಿ ಹಿಡಿದರೆ ಯಾವ ಚೌಕಟ್ಟು ಉಬ್ಬಿದೆ, ಯಾವುದು ತಗ್ಗಿದೆ ಎಂದು ತಕ್ಷಣ ತಿಳಿಯುತ್ತದೆ. ಉಬ್ಬಿದ್ದನ್ನು ಉಜ್ಜಿ, ತಗ್ಗಿದ್ದಕ್ಕೆ ಚಕ್ಕೆ ಅಂಟಿಸಿ. ವೇವರ್ಲಿಯ ಮೂತಿಯ ಬುಡ ಕತ್ತಿಯಂತೆ ತೆಳು. ಮೊದಲ ಎರಡು ಚೌಕಟ್ಟುಗಳ ನಡುವೆ ಗಟ್ಟಿ ಬಾಲ್ಸಾ ತುಂಬಿ ಆಕಾರ ಕೊರೆದರೆ ಪಟ್ಟಿಗೆ ಆಸರೆ ಸಿಗುತ್ತದೆ.

ಪಟ್ಟಿಗಳನ್ನು ಬಲಕ್ಕೊಂದು ಎಡಕ್ಕೊಂದು ಹೊಡೆಯುತ್ತ ಹೋಗಬೇಕು. ಬಲಬದಿಯಲ್ಲಿ ಒಂದೇ ಸಂಜೆ ನಾಲ್ಕು ಪಟ್ಟಿ ಹೊಡೆದು ಮಲಗಿದೆ. ಬೆಳಿಗ್ಗೆ ನೋಡಿದರೆ ಮರದ ಅಂಟು ಒಣಗುತ್ತ ಎಳೆದು ಕೀಲ್ ನಡುಭಾಗದಲ್ಲಿ 3 ಮಿ.ಮೀ. ಬಾಗಿತ್ತು. ಅಂಟಿಗೆ ಬಿಸಿನೀರಿನ ಬಟ್ಟೆ ಒತ್ತಿ ನಾಲ್ಕನ್ನೂ ಬಿಡಿಸಿ ಮತ್ತೆ ಹೊಡೆಯುವುದಕ್ಕೆ ಐದು ದಿನ ಹೋಯಿತು. ಹಲಗೆಯಿಂದ ಒಡಲನ್ನು ಬಿಡಿಸುವ ಆತುರವೂ ಬೇಡ. ಹೊರಗೆ ತೆಳು ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಬಳಿದು, ಅದು ಗಟ್ಟಿಯಾದ ಮೇಲೆ ಬಿಡಿಸಿದರೆ ತಿರುಚಿಕೊಳ್ಳುವುದಿಲ್ಲ. ಬಟ್ಟೆ ಚದರ ಮೀಟರಿಗೆ 50 ಗ್ರಾಮಿನದು ಸಾಕು. ಎಪಾಕ್ಸಿಯನ್ನು ಬ್ರಷ್ಷಿನಲ್ಲಿ ಹಚ್ಚಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಗೀರಿ ಹೆಚ್ಚಿನದನ್ನೆಲ್ಲ ತೆಗೆಯಿರಿ. ಬಟ್ಟೆಯ ನೇಯ್ಗೆ ಕಾಣುವಷ್ಟು ತೆಳುವಾಗಿರಬೇಕು. ಹೊಳಪು ಬರಲಿ ಎಂದು ನಾನು ಇನ್ನೆರಡು ಕೋಟು ಹೊಡೆದೆ. ಒಳಗೂ ಒಂದು ಕೋಟು. ಆಗ ತೂಗಲಿಲ್ಲ. ಆಮೇಲೆ ತೂಗಿದಾಗ 710 ಗ್ರಾಂ.

ಚಕ್ರಕ್ಕೆ ಬಂದೆ. ಓದುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದೂ ಇದೇ ಎಂದು ಗೊತ್ತು.

ಹಲಗೆಗಳನ್ನು ಚಕ್ರಕ್ಕೆ ಬಿಗಿಯಾಗಿ ಕೂರಿಸಿದರೆ ಅವು ನೀರಿಗೆ ಚಪ್ಪಟೆಯಾಗಿ ಬಡಿದು ಇಳಿಯುತ್ತವೆ, ಏಳುವಾಗ ನೀರನ್ನು ಬೊಗಸೆಯಲ್ಲಿ ಎತ್ತಿದಂತೆ ಎತ್ತುತ್ತವೆ. ಇದಕ್ಕೆ ಉಪಾಯವಾಗಿ 1829ರಲ್ಲಿ ಎಲೈಜಾ ಗ್ಯಾಲೋವೇ ಹಲಗೆಗಳು ತಾವೇ ತಿರುಗಿಕೊಳ್ಳುವ ಚಕ್ರಕ್ಕೆ ಪೇಟೆಂಟ್ ಪಡೆದ. ಅದರ ಹಕ್ಕು ವಿಲಿಯಂ ಮಾರ್ಗನ್ ಕೈಗೆ ಹೋಗಿ ಮಾರ್ಗನ್ ಚಕ್ರ ಎಂದೇ ಹೆಸರಾಯಿತು. ವೇವರ್ಲಿಯ ಚಕ್ರವೂ ಇದೇ ಜಾತಿಯದು, ಪ್ರತಿ ಚಕ್ರಕ್ಕೆ ಎಂಟು ಮರದ ಹಲಗೆ.

ಕೆಲಸ ಮಾಡುವ ರೀತಿ ಸರಳ. ಪ್ರತಿ ಹಲಗೆಗೂ ಎರಡು ತುದಿಯಲ್ಲಿ ತಿರುಗುಗೂಟ. ಹೊರಬದಿಯಲ್ಲಿ ಹಲಗೆಗೆ ಲಂಬವಾಗಿ ಒಂದು ಪುಟ್ಟ ಸನ್ನೆ (ಸನ್ನೆಗೋಲು). ಪ್ರತಿ ಸನ್ನೆಯ ತುದಿಯಿಂದ ಒಂದು ಸರಳು ಹೊರಟು ನಡುವಿನ ಬಳೆಯೊಂದಕ್ಕೆ ಸೇರುತ್ತದೆ. ಆ ಬಳೆ ಶಾಫ್ಟಿನ ನಡುವಿಗೆ ಸರಿಯಾಗಿ ಇರದೆ, ಹಡಗಿನ ಮೂತಿಯ ಕಡೆಗೆ ಸ್ವಲ್ಪ ಸರಿದ ಗೂಟದ ಮೇಲೆ ತಿರುಗುತ್ತದೆ. ಕೇಂದ್ರ ಹೀಗೆ ಸರಿದಿರುವುದರಿಂದ ಚಕ್ರ ತಿರುಗಿದಂತೆಲ್ಲ ಸರಳುಗಳು ಸನ್ನೆಗಳನ್ನು ಎಳೆಯುತ್ತ, ತಳ್ಳುತ್ತ, ಹಲಗೆ ನೀರಿಗಿಳಿಯುವಾಗಲೂ ಏಳುವಾಗಲೂ ಅದನ್ನು ನೆಟ್ಟಗೆ ಹತ್ತಿರವಿರುವ ಕೋನದಲ್ಲಿ ಇಡುತ್ತವೆ. ಎಂಟರಲ್ಲಿ ಒಂದು ಸರಳು ಮಾತ್ರ ಬಳೆಗೆ ಬೆಸುಗೆಯಾಗಿರಬೇಕು. ಅದು ರಾಜಸರಳು. ಅದೇ ಬಳೆಯನ್ನು ಚಕ್ರದ ಜೊತೆ ತಿರುಗಿಸುತ್ತದೆ. ಉಳಿದ ಏಳು ಬಳೆಗೆ ಕೀಲಿನಲ್ಲಿ ಜೋತಿರುತ್ತವೆ. ಎಂಟನ್ನೂ ಕೀಲಿಗೆ ಹಾಕಿದರೆ ಬಳೆ ಹಿಂದುಳಿದು ಎಲ್ಲ ಸರಳೂ ಒಂದರ ಮೇಲೊಂದು ಬೀಳುತ್ತವೆ. ಎರಡನ್ನು ಬೆಸೆದರೆ ಚಕ್ರ ತಿರುಗುವುದೇ ಇಲ್ಲ.

ಅಳತೆಯ ಗುಟ್ಟು ಎರಡೇ. ಸರಳಿನ ಉದ್ದ, ಬಳೆಯ ತೂತಿನವರೆಗಿನ ದೂರವೂ ಸೇರಿ, ಚಕ್ರದ ನಡುವಿನಿಂದ ಹಲಗೆಯ ತಿರುಗುಗೂಟದವರೆಗಿನ ದೂರಕ್ಕೆ ಸಮ ಇರಬೇಕು. ಗೂಟ ಸರಿಯಬೇಕಾದದ್ದು ಸನ್ನೆಯ ಉದ್ದದ ಸುಮಾರು ಅರ್ಧ. ನನ್ನ ಸನ್ನೆ 8 ಮಿ.ಮೀ., ಗೂಟ ಸರಿದದ್ದು 4 ಮಿ.ಮೀ. ಸನ್ನೆಯ ಪೂರ್ತಿ ಉದ್ದ ಸರಿಸಿದರೆ ಹಲಗೆಗಳು ಸದಾ ಲಂಬವಾಗಿಯೇ ನಿಲ್ಲುತ್ತವೆ. ಅದು ಚೆಂದ ಅನ್ನಿಸಿದರೂ ತಪ್ಪು. ಹಡಗು ಮುಂದೆ ಹೋಗುತ್ತಿರುವಾಗ ನೀರಿಗೆ ಹಾಯಾಗಿ ಇಳಿಯುವ ಹಲಗೆ ಚೂರು ಓರೆಯಾಗಿಯೇ ಇರಬೇಕು. ಪ್ರತಿ ಹಲಗೆಯ ಸಮತಲವೂ ಚಕ್ರದ ನೆತ್ತಿಯತ್ತ ಮುಖ ಮಾಡಿರುವುದು ಆದರ್ಶ. ಅರ್ಧ ಸರಿಸಿದರೆ ಅದಕ್ಕೆ ಹತ್ತಿರ ಬರುತ್ತದೆ.

ನಾನು ಎಡವಿದ್ದು ಇದರಲ್ಲಲ್ಲ. ಒಂದು ಚಕ್ರ ಮುಗಿಸಿ, ಅದು ಬೆಣ್ಣೆಯಂತೆ ತಿರುಗುವುದನ್ನು ನೋಡಿ, ಅದೇ ಅಚ್ಚಿನ ಮೇಲೆ ಎರಡನೆಯದನ್ನೂ ತಯಾರಿಸಿದೆ. ಎರಡೂ ಬಲಬದಿಯ ಚಕ್ರಗಳಾದವು. ಸನ್ನೆ ಇರುವುದು ಹೊರಮುಖದಲ್ಲಿ, ತಳದಲ್ಲಿರುವಾಗ ಅದು ಮೂತಿಯ ಕಡೆಗೆ ಚಾಚಿರಬೇಕು. ಬಲಚಕ್ರವನ್ನು ಹಾಗೇ ಎಡಕ್ಕೆ ಒಯ್ದು ಹೊರಮುಖ ಹೊರಗೆ ಇಟ್ಟರೆ ಸನ್ನೆಗಳು ಹಿಂದಕ್ಕೆ ಚಾಚುತ್ತವೆ. ಗೂಟ ಮಾತ್ರ ಮುಂದೆಯೇ ಇರುತ್ತದೆ. ಆಗ ಹಲಗೆಗಳು ಬೇಕಾದ್ದಕ್ಕೆ ಸರಿಯಾಗಿ ಉಲ್ಟಾ ತಿರುಗಿ ನೀರಿಗೆ ಬಡಿಯುತ್ತವೆ. ಎಂಟು ಹಲಗೆಯ ಬೆಸುಗೆ ಬಿಡಿಸಿ ತಿರುಗಿಸುವಾಗ ಮೂರು ಸನ್ನೆ ಮುರಿದವು. ಎಡ, ಬಲ ಚಕ್ರಗಳು ಕನ್ನಡಿಯ ಬಿಂಬದಂತೆ ಇರಬೇಕು. ಎರಡು ಅಚ್ಚು ಮಾಡಿಕೊಳ್ಳಿ, ಒಂದರ ಮೇಲೆ ‘ಎ’, ಇನ್ನೊಂದರ ಮೇಲೆ ‘ಬ’ ಎಂದು ಕೆತ್ತಿಬಿಡಿ.

ಅಚ್ಚು ಎಂದರೆ 6 ಮಿ.ಮೀ. ಅಕ್ರಿಲಿಕ್ ತುಂಡಿನಲ್ಲಿ 45 ಡಿಗ್ರಿಗೆ ಒಂದರಂತೆ ಎಂಟು ತೂತು, ನಡುವೆ ಶಾಫ್ಟಿನ ತೂತು. ಚಕ್ರದ ಚೌಕಟ್ಟುಗಳನ್ನು 0.8 ಮಿ.ಮೀ. ಹಿತ್ತಾಳೆ ತಗಡಿನಲ್ಲಿ ಕತ್ತರಿಸಿದೆ. ನಾಲ್ಕು ಚೌಕಟ್ಟನ್ನೂ ಒಟ್ಟಿಗೆ ಬೆಸೆದು, ಒಂದೇ ಏಟಿಗೆ ತೂತು ಕೊರೆದು, ಅರ ಹಾಕಿ, ಆಮೇಲೆ ಕಾಯಿಸಿ ಬಿಡಿಸಿದರೆ ನಾಲ್ಕೂ ಒಂದೇ ತೆರ ಬರುತ್ತವೆ. ತಿರುಗುಗೂಟಕ್ಕೆ 1 ಮಿ.ಮೀ. ಸ್ಟೇನ್‌ಲೆಸ್ ತಂತಿ, ತೂತು 1.1 ಮಿ.ಮೀ. ಹಿತ್ತಾಳೆಯ ತೂತಿಗೆ ಹಿತ್ತಾಳೆಯ ತಂತಿ ಹಾಕಬೇಡಿ, ನೀರು ಕಂಡ ಕೆಲವೇ ದಿನಗಳಲ್ಲಿ ಕಿಲುಬಿ ಹಿಡಿದುಕೊಳ್ಳುತ್ತದೆ. ಎರಡು ಚಕ್ರಕ್ಕೂ ಸೇರಿ ಅಲುಗಾಡಬೇಕಾದ ಕೀಲುಗಳು 62. ಪ್ರತಿಯೊಂದರಲ್ಲೂ ಚೂರು ಬಿಗಿ ಇದ್ದರೂ ಒಟ್ಟು ಬಿಗಿ ಸಣ್ಣ ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಚಕ್ರವನ್ನು ಶಾಫ್ಟಿಗೆ ಹಾಕಿ ಊದಿದರೆ ತಿರುಗಬೇಕು. ಅಲ್ಲಿಯವರೆಗೆ ಅದು ಮುಗಿದಿಲ್ಲ ಎಂದೇ ತಿಳಿಯಿರಿ. ಕೀಲಿನ ಪಕ್ಕ ಬೆಸುಗೆ ಹಾಕುವಾಗ ಬೆಸುಗೆ ಹರಿದು ಕೀಲೇ ಕೂಡಿಕೊಳ್ಳುವುದುಂಟು. ಅಲ್ಲಿಗೆ ಪೆನ್ಸಿಲಿನ ಸೀಸ ಉಜ್ಜಿಟ್ಟರೆ ಬೆಸುಗೆ ಅಂಟುವುದಿಲ್ಲ. ಕೆಲಸ ಮುಗಿದ ದಿನವೇ, ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸನ್ನು ಬಿಸಿ ಸೋಪುನೀರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ನಾಳೆ ಎಂದು ಬಿಟ್ಟದ್ದು ವಾರದಲ್ಲಿ ಹಸಿರು ಕಿಟ್ಟವಾಯಿತು.

ಇನ್ನೊಂದು ತೊಡಕು ಜೋಡಣೆಯದು. ಚಕ್ರ ಶಾಫ್ಟಿನ ತುದಿಗೆ ಒಳಗಿನಿಂದ ಸಿಕ್ಕಿಕೊಂಡಿರುತ್ತದೆ, ಸರಿದ ಗೂಟ ಇರುವುದು ಹೊರಗಿನ ತೊಲೆಯ ಮೇಲೆ. ಗೂಟವನ್ನು ತೊಲೆಗೆ ಅಂಟಿಸಿಬಿಟ್ಟರೆ ಚಕ್ರ ಮತ್ತೆಂದೂ ಹೊರಗೆ ಬರುವುದಿಲ್ಲ. ಗೂಟವನ್ನು ಹಿತ್ತಾಳೆಯ ತುಂಡಿಗೆ ಬೆಸೆದು, ಅದನ್ನು ಎರಡು ಸಣ್ಣ ತಿರುಪುಗಳಿಂದ ತೊಲೆಗೆ ಬಿಗಿಯಿರಿ. ತಿರುಪಿನ ತೂತುಗಳನ್ನು ಉದ್ದಕ್ಕೆ ಸೀಳಿಟ್ಟರೆ ಗೂಟವನ್ನು ಹಿಂದೆಮುಂದೆ ಸರಿಸಿ ನೋಡಲೂ ಆಗುತ್ತದೆ. ಚಕ್ರಗೂಡಿನ ಮುಖವೂ ಕಳಚುವಂತಿರಲಿ.

ನಿಜವಾದ ವೇವರ್ಲಿಯಲ್ಲಿ ಎರಡೂ ಚಕ್ರಗಳು ಒಂದೇ ಶಾಫ್ಟಿಗೆ ಕಟ್ಟಿಕೊಂಡಿವೆ. ಗ್ರೀನಕ್ಕಿನ ರ‍್ಯಾಂಕಿನ್ ಅಂಡ್ ಬ್ಲ್ಯಾಕ್‌ಮೋರ್ ಮಾಡಿದ ಮೂರು ಸಿಲಿಂಡರಿನ ಓರೆ ಎಂಜಿನ್ ಅದನ್ನು ನೇರ ತಿರುಗಿಸುತ್ತದೆ. ಸಿಲಿಂಡರುಗಳ ವ್ಯಾಸ 24, 39, 62 ಇಂಚು, ಹೊಡೆತ (ಪಿಸ್ಟನ್ ಚಲಿಸುವ ದೂರ) 66 ಇಂಚು. ಹಬೆ ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತ ಮೂರು ಸಲ ಹಿಗ್ಗುತ್ತದೆ. ಮಾದರಿಯಲ್ಲಿ ಹೊಡೆತ 23.3 ಮಿ.ಮೀ. ಆಗುತ್ತದೆ, ಆಡುವ ಎಂಜಿನ್ನಿನ ಗೊಂಬೆ ಕಟ್ಟುವ ಆಸೆ ಯಾರಿಗೂ ಬರುತ್ತದೆ. ಅಟ್ಟ ಮುಚ್ಚಿದಮೇಲೆ ಕಿಟಕಿಯಲ್ಲಿ ಕಾಣುವುದು ಬೆರಳುಗುರಿನಷ್ಟು. ನಾನು ಬಿಟ್ಟೆ, ಬೇಸರವೇನಿಲ್ಲ.

ಒಂದೇ ಶಾಫ್ಟ್ ಎಂದರೆ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿಸಿ ಹಡಗನ್ನು ನಿಂತಲ್ಲೇ ತಿರುಗಿಸಲು ಬರುವುದಿಲ್ಲ. ಮಾದರಿಯಲ್ಲಿ ಎರಡು ಮೋಟಾರು ಹಾಕಿ ಆ ಅನುಕೂಲ ಪಡೆಯುವವರಿದ್ದಾರೆ. ನಾನು ಮೂಲಕ್ಕೆ ನಿಷ್ಠನಾಗಿ ಒಂದೇ ಮೋಟಾರು, 4 ಮಿ.ಮೀ. ಸ್ಟೇನ್‌ಲೆಸ್ ಶಾಫ್ಟ್, ಮೂರು ಬೇರಿಂಗ್ ಹಾಕಿದೆ. ಅದರ ಬೆಲೆ ತೆರಬೇಕಾದದ್ದು ತಿರುವಿನಲ್ಲಿ: ಅಳತೆಗೆ ಸರಿಯಾದ ಚುಕ್ಕಾಣಿ ಹಡಗನ್ನು ತಿರುಗಿಸುವುದೇ ಇಲ್ಲ. ಓಡಿಸುವಾಗ ಸಿಕ್ಕಿಸಲು ಪಾರದರ್ಶಕ ಅಕ್ರಿಲಿಕ್ಕಿನ ಒಂದು ಹೆಚ್ಚುವರಿ ತುಂಡು ಮಾಡಿಕೊಂಡೆ, ಅದು ಚುಕ್ಕಾಣಿಯ ವಿಸ್ತೀರ್ಣವನ್ನು ಒಂದೂವರೆ ಪಟ್ಟು ಮಾಡುತ್ತದೆ. ನೀರಿನಲ್ಲಿ ಕಾಣುವುದಿಲ್ಲ.

ವೇಗದ ಲೆಕ್ಕ: ಹಡಗು 14 ನಾಟ್ ಓಡಿದರೆ ಮಾದರಿ ಅದರ 72ನೇ ಭಾಗ ಓಡಬಾರದು, ಆಗ ಅಲೆಯ ಆಕಾರವೇ ಸರಿ ಬರುವುದಿಲ್ಲ. 72ರ ವರ್ಗಮೂಲ 8.5ರಿಂದ ಭಾಗಿಸಬೇಕು. ಸೆಕೆಂಡಿಗೆ 85 ಸೆಂಟಿಮೀಟರ್ ಬರುತ್ತದೆ. ಆ ಲೆಕ್ಕಕ್ಕೆ ಚಕ್ರ ಜೋರಾಗಿಯೇ ತಿರುಗಬೇಕು, ಕಣ್ಣಿಗೆ ಅದು ಗಿರಗಟ್ಲೆಯಂತೆ ಕಾಣುತ್ತದೆ. ನಿಮಿಷಕ್ಕೆ 300 ಸುತ್ತಿನ 6 ವೋಲ್ಟಿನ ಗೇರ್ ಮೋಟಾರಿನಿಂದ ಹಲ್ಲಿನ ಬೆಲ್ಟ್ ಮೂಲಕ ಶಾಫ್ಟಿಗೆ ಕೊಟ್ಟು, ಸಾಮಾನ್ಯವಾಗಿ ಅದರ ಮುಕ್ಕಾಲು ಭಾಗದಲ್ಲಿ ಓಡಿಸುತ್ತೇನೆ. ಗೇರಿಗೆ ಗೇರು ಕೂರಿಸಿದರೆ ಟೊಳ್ಳು ಒಡಲು ತಮಟೆಯಂತೆ ಸದ್ದು ಮಾಡುತ್ತದೆ, ಬೆಲ್ಟಿನಲ್ಲಿ ಆ ಕಾಟವಿಲ್ಲ. ಶಾಫ್ಟ್ ನೀರಗೆರೆಯ ಮೇಲೆ ಇರುವುದರಿಂದ ಸೋರುವ ಭಯ ಇಲ್ಲ ಅಂದುಕೊಳ್ಳಬೇಡಿ. ಚಕ್ರ ಎರಚುವ ನೀರು ಶಾಫ್ಟನ್ನೇ ಹಿಡಿದು ಒಳಗೆ ತೆವಳುತ್ತದೆ. ಹಿತ್ತಾಳೆಯ ಕೊಳವೆಗೆ ಗ್ರೀಸ್ ತುಂಬಿ, ಹೊರಗೆ ಶಾಫ್ಟಿಗೊಂದು ಬಿಲ್ಲೆ ಹಾಕಿದರೆ ನೀರು ಅಲ್ಲೇ ಸಿಡಿದುಹೋಗುತ್ತದೆ.

ಚಕ್ರಗೂಡಿನ ಮುಖದ ಬೀಸಣಿಗೆಯಾಕಾರದ ಸೀಳುಗಳನ್ನು ಬರೀ ಬಣ್ಣದಲ್ಲಿ ಬರೆದು ಮುಗಿಸುವ ಯೋಚನೆ ಬೇಡ. ಅವು ನಿಜಕ್ಕೂ ತೆರೆದಿರಬೇಕು. ಮುಚ್ಚಿದ ಗೂಡಿನಲ್ಲಿ ಚಕ್ರ ಎತ್ತಿದ ನೀರು, ಗಾಳಿ ಎರಡಕ್ಕೂ ಹೋಗಲು ದಾರಿಯಿಲ್ಲದೆ ಚಕ್ರಕ್ಕೆ ಉಸಿರುಕಟ್ಟುತ್ತದೆ. ಚಕ್ರಕ್ಕೂ ಗೂಡಿನ ಒಳಮೈಗೂ 3 ಮಿ.ಮೀ. ಅಂತರ ಬಿಡಿ.

ಮೇಲಿನ ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೇರೆ ಯಾವ ಹಡಗಿನ ಮಾದರಿಯಂತೆಯೇ ಅದೂ. ಅಟ್ಟದ ಹಲಗೆಗೆ 0.6 ಮಿ.ಮೀ. ಮರದ ಪದರವನ್ನು 1.8 ಮಿ.ಮೀ. ಅಗಲಕ್ಕೆ ಸೀಳಿ, ಒಂದು ಅಂಚಿಗೆ ಪೆನ್ಸಿಲ್ ಉಜ್ಜಿ ಅಂಟಿಸಿದರೆ ಸಂದಿನ ಕಪ್ಪುಗೆರೆ ತಾನಾಗಿ ಬರುತ್ತದೆ. ಬೆಂಚುಗಳು ರಾಶಿ ರಾಶಿ. ಒಂದು ಮಾಡಿ ಅಚ್ಚು ತೆಗೆದು ರಾಳದಲ್ಲಿ ಎರಕ ಹೊಯ್ಯುವುದೇ ಜಾಣತನ. ಕಟಕಟೆ ಕಂಬಗಳಿಗೆ ಕೊರೆದ ಹಿತ್ತಾಳೆಯ ಸಿದ್ಧ ತುಂಡುಗಳನ್ನು ತರಿಸಿದೆ, ಅವು ಬರಲು ಐದು ವಾರ. ಇಡೀ ಖರ್ಚಿನಲ್ಲಿ ಕಟಕಟೆ ಮತ್ತು ಚಕ್ರದ ಹಿತ್ತಾಳೆ ಸೇರಿಯೇ ಅರ್ಧಕ್ಕೆ ಹತ್ತಿರ. ಒಡಲಿನ ಮರದ ಖರ್ಚು ಎಂಟನೇ ಒಂದು ಭಾಗವೂ ಆಗಲಿಲ್ಲ.

ಬಣ್ಣದ ವಿಷಯದಲ್ಲಿ ಕಾಯುವುದೇ ಕೆಲಸ. ಹೊಗೆಕೊಳವೆಗೆ ಮೊದಲು ಬಿಳಿ, ಅದರ ಪಟ್ಟಿಯ ಜಾಗಕ್ಕೆ ಟೇಪು, ಆಮೇಲೆ ಕೆಂಪು, ಕೊನೆಗೆ ಕಪ್ಪು. ಟೇಪಿನ ಅಂಚಿಗೆ ಇನ್ನೊಮ್ಮೆ ಬಿಳಿಯನ್ನೇ ಹಚ್ಚಿ ಒಣಗಿಸಿ ಕೆಂಪು ಹೊಡೆದರೆ ಕೆಂಪು ಒಳಗೆ ನುಸುಳುವುದಿಲ್ಲ. ಎನಾಮೆಲ್ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ಒಣಗಿರುವುದಿಲ್ಲ. ಎರಡು ದಿನಕ್ಕೇ ಮೇಲೆ ಲ್ಯಾಕರ್ ಸಿಂಪಡಿಸಿದ್ದಕ್ಕೆ ಹಿಂಬದಿಯ ಹೊಗೆಕೊಳವೆ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿತು. ಕೆರೆದು ಮತ್ತೆ ಮೊದಲಿನಿಂದ. ಎರಡೂ ಕೊಳವೆಗಳ ವಾಲಿಕೆಯನ್ನು ಮೂತಿಯ ಕಡೆಯಿಂದಲೂ ಬದಿಯಿಂದಲೂ ನೋಡಿ ಕೂರಿಸಿ. ಒಂದು ಡಿಗ್ರಿ ವ್ಯತ್ಯಾಸವನ್ನೂ ಕಣ್ಣು ಹಿಡಿಯುತ್ತದೆ.

ಎಲ್ಲವನ್ನೂ ಸುಮ್ಮನೆ ಇಟ್ಟು ಮೊದಲ ಸಲ ತೊಟ್ಟಿಯಲ್ಲಿ ತೇಲಿಸಿದ ದಿನ ಎದೆ ಧಸಕ್ಕೆಂದಿತು. ಒಡಲು 710, ಮೇಲಿನ ಕಟ್ಟಡ 430, ಚಕ್ರ-ಶಾಫ್ಟ್ 330, ಮೋಟಾರು ಇತ್ಯಾದಿ 220, ಅಗ್ಗಕ್ಕೆ ಸಿಕ್ಕಿತೆಂದು ಹಾಕಿದ ಸೀಸದ ಬ್ಯಾಟರಿ 300. ಒಟ್ಟು 1990 ಗ್ರಾಂ. ಲೆಕ್ಕಕ್ಕಿಂತ 90 ಗ್ರಾಂ ಹೆಚ್ಚು, ಬರೀ ಒಂದು ಮಿಲಿಮೀಟರ್, ಅದನ್ನು ನುಂಗಿಕೊಳ್ಳಬಹುದಿತ್ತು. ಆದರೆ ತಳಕ್ಕೆ ಸೀಸ ಹಾಕಲು ಒಂದು ಗ್ರಾಮಿನ ಜಾಗವೂ ಉಳಿದಿರಲಿಲ್ಲ. ಚಕ್ರಗೂಡಿನ ಅಂಚನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಹಡಗು ಏಳಲೋ ಬೇಡವೋ ಎಂಬಂತೆ ನಿಧಾನಕ್ಕೆ ಎದ್ದಿತು. ಮೋಟಾರು ಚಾಲೂ ಮಾಡಿದೆ. ಒಂದು ಬದಿಗೆ ವಾಲಿದಾಗ ಆ ಬದಿಯ ಚಕ್ರ ಆಳಕ್ಕೆ ಹೋಗುತ್ತದೆ, ಇನ್ನೊಂದು ಮೇಲೇಳುತ್ತದೆ. ಆಳದ ಚಕ್ರ ಹೆಚ್ಚು ತಳ್ಳಿ ಹಡಗು ಎದುರು ಬದಿಗೆ ತಿರುಗುತ್ತದೆ. ಚುಕ್ಕಾಣಿ ಏನು ಮಾಡಿದರೂ ಕೇಳುವುದಿಲ್ಲ.

ಆಮೇಲಿನ ಎರಡು ತಿಂಗಳು ಗ್ರಾಂ ಹೆಕ್ಕುವ ಕೆಲಸ. ಒಡಲಿನ ಒಳಗಿನ ಎಪಾಕ್ಸಿಯನ್ನು ಉಜ್ಜಿ ತೆಗೆದು, ಚೌಕಟ್ಟುಗಳ ನಡುವನ್ನು ದೊಡ್ಡದಾಗಿ ಕೊರೆದಾಗ 70 ಗ್ರಾಂ ಇಳಿಯಿತು. ಪ್ಲೈವುಡ್ಡಿನ ಕೋಣೆಗಳನ್ನು ಕಿತ್ತು 0.5 ಮಿ.ಮೀ. ಸ್ಟೈರೀನ್ ಹಾಳೆಯಲ್ಲಿ ಮತ್ತೆ ಕಟ್ಟಿದ್ದಕ್ಕೆ ಇನ್ನೊಂದು 70. ಎತ್ತರದಲ್ಲಿ ಇಳಿದ 70, ತಳದಲ್ಲಿ ಇಳಿದ 70ಕ್ಕಿಂತ ಎಷ್ಟೋ ಪಾಲು ಮೇಲು. ಚಕ್ರದ ಚೌಕಟ್ಟಿಗೆ, ನಡುವಿನ ಕಂಠಕ್ಕೆ ತೂತು ಕೊರೆದು 50. ಸೀಸದ ಬ್ಯಾಟರಿಯ ಬದಲು ಐದು ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳು ಬಂದವು, ಒಂದೇ ದಿನದಲ್ಲಿ 150. ಅದನ್ನೇ ಮೊದಲು ಮಾಡಬೇಕಿತ್ತು. ಈಗ ಒಟ್ಟು 1650. ಉಳಿದ 250 ಗ್ರಾಂ ಸೀಸದ ತಗಡನ್ನು ಪಟ್ಟಿಪಟ್ಟಿ ಕತ್ತರಿಸಿ ತಳದ ಕೀಲ್‌ನ ಎರಡೂ ಪಕ್ಕ ಅಂಟಿಸಿದೆ. ಸೀಸ ಮುಟ್ಟುವಾಗ ಕೈಗವಸು ಹಾಕಿ, ಕೆಲಸ ಮುಗಿದಮೇಲೆ ಕೈ ತೊಳೆಯಿರಿ. ಪಟ್ಟಿಗಳನ್ನು ಮೊದಲು ಟೇಪಿನಲ್ಲಿ ಹಿಡಿಸಿ, ತೇಲಿಸಿ, ಮುಂದೆಹಿಂದೆ ಸರಿಸಿ ಮಟ್ಟ ನೋಡಿದ ಮೇಲಷ್ಟೇ ಅಂಟು ಹಾಕಿ.

ಎರಡನೇ ಸಲ ಗೂಡಿನ ಅಂಚು ಒತ್ತಿ ಬಿಟ್ಟಾಗ ಹಡಗು ಸರಕ್ಕನೆ ಎದ್ದು ನಿಂತಿತು. ಚಕ್ರದ ತಳದ ಹಲಗೆಯ ಮೇಲೆ ಎರಡೂವರೆ ಮಿಲಿಮೀಟರ್ ನೀರು. ಓಡುವಾಗ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ನೋಡಿದರೆ ಎಡಚಕ್ರದ ಹಲಗೆಗಳು ಇಳಿಯುವಾಗ ಚೂರು ಹೆಚ್ಚು ಓರೆಯಾಗಿ ನೀರು ಚಿಮ್ಮಿಸುತ್ತಿದ್ದವು. ಗೂಟದ ತಿರುಪು ಸಡಿಲಿಸಿ ಅರ್ಧ ಮಿಲಿಮೀಟರ್ ಮುಂದಕ್ಕೆ ತಳ್ಳಿ ಬಿಗಿದೆ, ಚಿಮ್ಮುವುದು ನಿಂತಿತು. ಹನಿಗಳು ಮಾತ್ರ ದೊಡ್ಡವಾಗಿಯೇ ಕಾಣುತ್ತವೆ. ಹಡಗನ್ನು 72 ಪಟ್ಟು ಚಿಕ್ಕದು ಮಾಡಬಹುದು, ನೀರಿನ ಹನಿಯನ್ನು ಮಾಡಲು ಬರುವುದಿಲ್ಲ. ಓಡಿಸಿ ತಂದ ಮೇಲೆ ಚಕ್ರಗೂಡಿನ ಮುಖ ಕಳಚಿ, 62 ಕೀಲುಗಳನ್ನೂ ಒರೆಸಿ, ಸೂಜಿಯ ತುದಿಯಲ್ಲಿ ಒಂದೊಂದು ತೊಟ್ಟು ಎಣ್ಣೆ ಬಿಡುವುದಕ್ಕೆ ನಲವತ್ತು ನಿಮಿಷ ಬೇಕು.